ವಾರಂಟಿ ಮುಗಿದ ಪಿಎಸ್4 ಕೆಟ್ಟರೆ ಎಲ್ಲಿಂದ ಶುರು ಮಾಡಬೇಕು

ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ. ಕೆಳಗೆ ಅಪ್ಪನ ಜೀನ್ಸ್ ಹೊಲಿಯುವ ಘಟಕ, ಹನ್ನೆರಡು ಮೆಷಿನ್. ಮೇಲೆ ನಾವು. ಘಟಕದ ಲೆಕ್ಕ ನನ್ನದು. ಮೆಷಿನ್‌ಗಳಿಗೆ ಎಣ್ಣೆ ಬಿಡೋದು, ಬೆಲ್ಟ್ ಬದಲಾಯಿಸೋದು, ಬ್ರಷ್ ಹೊಡೆಯೋದು ಕೂಡ ನನ್ನದೇ. 2016ರ ದೀಪಾವಳಿ ಸೀಸನ್ನಿನಲ್ಲಿ ಆರ್ಡರ್ ಚೆನ್ನಾಗಿ ಬಂತು. ಆ ದುಡ್ಡಲ್ಲಿ ಅಪ್ಪ ತಮ್ಮನಿಗೆ ಪಿಎಸ್4, ಅಂದರೆ ಪ್ಲೇಸ್ಟೇಷನ್ 4 ಕೊಡಿಸಿದರು. ಟಿವಿಗೆ ಹಾಕಿ ಆಡುವ ಗೇಮ್ ಪೆಟ್ಟಿಗೆ (ಕನ್ಸೋಲ್) ಅದು. ಮೊದಲು ಬಂದ ದಪ್ಪ ಮಾದರಿ, 500 ಜಿಬಿಯದ್ದು. ಭಾನುವಾರ ಸಂಜೆ ಹೊಲಿಯುವ ಹುಡುಗರೂ ಮೇಲೆ ಬಂದು ಸರದಿ ಪ್ರಕಾರ ಫುಟ್‌ಬಾಲ್ ಆಡುತ್ತಾರೆ. ಹಾಗಾಗಿ ಅದು ಕೆಟ್ಟರೆ ತಮ್ಮನೊಬ್ಬನಿಗೆ ಅಲ್ಲ, ಏಳೆಂಟು ಜನಕ್ಕೆ ಬೇಜಾರು.

2019ರ ಏಪ್ರಿಲ್‌ನಲ್ಲಿ ಮೊದಲ ಸಲ ಕೈಕೊಟ್ಟಿತು. "ಅಕ್ಕಾ, ಇದು ಆನ್ ಆಗವಲ್ದು" ಅಂತ ತಮ್ಮ ಮೆಟ್ಟಿಲಿಳಿದು ಬಂದ. ಒಂದು ವರ್ಷದ ವಾರಂಟಿ 2017ರಲ್ಲೇ ಮುಗಿದಿತ್ತು. ಆಮೇಲೆ 2021ರಲ್ಲಿ ಒಮ್ಮೆ, 2023ರಲ್ಲಿ ಒಮ್ಮೆ ಕೆಟ್ಟಿತು. ಮೂರು ಸಲವೂ ಬೇರೆ ಬೇರೆ ಕಾರಣ. ಮೂರು ಸಲವೂ ಸರಿಯಾಯಿತು. ವಾರಂಟಿ ಮುಗಿದ ಪೆಟ್ಟಿಗೆಯನ್ನು ಸುಮ್ನೆ ಗುಜರಿಗೆ ಹಾಕಬೇಡಿ, ಹೆದರಿ ಹೊಸದನ್ನೂ ತರಬೇಡಿ. ಮೊದಲು ಅದಕ್ಕೆ ಏನಾಗಿದೆ ಅಂತ ಬಿಡಿಸಿ ನೋಡಿ. ಖರ್ಚಿಲ್ಲದ ಕಾರಣದಿಂದ ಶುರು ಮಾಡಿ, ಖರ್ಚಿನ ಕಾರಣಕ್ಕೆ ಕೊನೆಗೆ ಬನ್ನಿ.

ಬಿಚ್ಚುವ ಮೊದಲು ಬಿಲ್ ಹುಡುಕಿ. ವಾರಂಟಿ ಮುಗಿದಿದೆ ಅಂತ ನೆನಪಿನ ಮೇಲೆ ಹೇಳಬೇಡಿ, ತಾರೀಖು ನೋಡಿ. ಅಂಗಡಿಯ ಮೆಷಿನ್ ಬಿಲ್ ನಮ್ಮ ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಬಿಳಿ ಕಾಗದ ಆಗುತ್ತದೆ, ಅದಕ್ಕೇ ತಂದ ದಿನವೇ ಫೋಟೊ ತೆಗೆದಿಡಿ. ಒಂದು ದೋಷ ತುಂಬಾ ಜನರಿಗೆ ಬಂದಾಗ ಕಂಪನಿಗಳು ವಾರಂಟಿ ಬೆಳೆಸಿದ್ದೂ ಇದೆ. ಎಕ್ಸ್‌ಬಾಕ್ಸ್ 360 ಅನ್ನುವ ಇನ್ನೊಂದು ಗೇಮ್ ಪೆಟ್ಟಿಗೆಗೆ ಕೆಂಪು ದೀಪದ ಕಾಯಿಲೆ ಬಂದಾಗ ಮೈಕ್ರೋಸಾಫ್ಟ್ 2007ರಲ್ಲಿ ಆ ಒಂದು ದೋಷಕ್ಕೆ ಮೂರು ವರ್ಷದ ವಾರಂಟಿ ಕೊಟ್ಟಿತು, ಅದಕ್ಕೆಂದೇ ನೂರು ಕೋಟಿ ಡಾಲರ್‌ಗೂ ಜಾಸ್ತಿ ಎತ್ತಿಟ್ಟಿತು. ನಿಮ್ಮ ಮಾದರಿಗೂ ಅಂಥದ್ದೇನಾದರೂ ಇದೆಯಾ ಅಂತ ಕಸ್ಟಮರ್ ಕೇರ್‌ಗೆ ಒಂದು ಫೋನ್ ಮಾಡಿ ಕೇಳಿ. ಕೇಳೋಕೆ ದುಡ್ಡಿಲ್ಲ.

ಆಮೇಲೆ ಒಂದು ಹಾಳೆಯಲ್ಲಿ ಬರೆಯಿರಿ. "ಕೆಟ್ಟಿದೆ" ಅಂತ ಬರೆಯಬೇಡಿ. ಮೆಷಿನ್ ರಿಪೇರಿಯವರು ಬಂದಾಗ ನಾವು "ದಾರ ಕಡೀತದ" ಅಂತೀವಿ, "ಹೊಲಿಗೆ ತಪ್ಪುತದ" ಅಂತೀವಿ. ಇಲ್ಲೂ ಹಾಗೇ. ಗುಂಡಿ ಒತ್ತಿದರೆ ಬೀಪ್ ಬರುತ್ತದಾ? ದೀಪ ಯಾವ ಬಣ್ಣ? ಎಷ್ಟು ನಿಮಿಷ ಆಡಿದ ಮೇಲೆ ನಿಲ್ಲುತ್ತದೆ? ಟಿವಿಯಲ್ಲಿ ಏನಾದರೂ ಅಂಕಿ ಬರುತ್ತದಾ? ಪಿಎಸ್4ರಲ್ಲಿ ದೀಪ ತುಂಬಾ ವಿಷಯ ಹೇಳುತ್ತದೆ. ನೀಲಿಯಾಗಿ ಮಿಡಿದು ಬಿಳಿಗೆ ತಿರುಗಿದರೆ ಸರಿಯಾಗಿ ಆನ್ ಆಗಿದೆ. ನೀಲಿಯಲ್ಲೇ ಮಿಡಿಯುತ್ತಾ ಉಳಿದು ಆಫ್ ಆದರೆ ಒಳಗೆ ತೊಂದರೆ. ಬಿಳಿ ದೀಪ ಇದ್ದೂ ಟಿವಿ ಕಪ್ಪಾಗಿದ್ದರೆ ಟಿವಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ವೈರ್ ಮತ್ತು ಅದರ ಪೋರ್ಟ್ ಕಡೆ ನೋಡಬೇಕು. ಕೆಂಪು ಬಂದರೆ ಪೆಟ್ಟಿಗೆ ಸುಡುತ್ತಿದೆ ಅಂತ. ಕಿತ್ತಳೆ ಬಣ್ಣ ಬಂದರೆ ಹೆದರಬೇಡಿ, ಅದು ಮಲಗಿದೆ ಅಷ್ಟೇ.

ಏನೂ ಬಾರದಿದ್ದರೆ, ಅಂದರೆ ಬೀಪೂ ಇಲ್ಲ ದೀಪವೂ ಇಲ್ಲ ಅಂದರೆ, ವೈರ್‌ನಿಂದ ಶುರು ಮಾಡಿ. ಪಿಎಸ್4ಕ್ಕೆ ಬರೋದು ಎಂಟರ ಆಕಾರದ ಎರಡು ತೂತಿನ ವೈರ್. ಹಳೇ ಟೇಪ್ ರೆಕಾರ್ಡರ್‌ಗೆ ಇರುತ್ತಿತ್ತಲ್ಲ, ಅದೇ. ಮನೆಯಲ್ಲಿ ಒಂದಾದರೂ ಬಿದ್ದಿರುತ್ತದೆ, ಹಾಕಿ ನೋಡಿ. ಎಕ್ಸ್‌ಟೆನ್ಷನ್ ಬೋರ್ಡ್ ಬಿಟ್ಟು ನೇರ ಗೋಡೆಯ ಪ್ಲಗ್‌ಗೆ ಹಾಕಿ. ಅದಕ್ಕೂ ಮೊದಲು ವೈರ್ ಕಿತ್ತು ಹತ್ತು ನಿಮಿಷ ಬಿಟ್ಟು ಮತ್ತೆ ಹಾಕಿ. ಕರೆಂಟ್ ಹೋಗಿ ಬಂದು ಮಾಡಿದಾಗ ಪವರ್ ಸಪ್ಲೈ ಹಿಡಿದುಕೊಂಡಿದ್ದರೆ ಇಷ್ಟಕ್ಕೇ ಬಿಡುತ್ತದೆ.

ಈಗ ನಮ್ಮ ಮೊದಲ ರಿಪೇರಿಗೆ ಬರುತ್ತೇನೆ. ಇದನ್ನು ವಿವರವಾಗಿ ಬರೆಯುತ್ತೇನೆ, ಯಾಕಂದರೆ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಪೆಟ್ಟಿಗೆ ನಿಲ್ಲೋಕೆ ಮೊದಲ ಕಾರಣ ಧೂಳು ಮತ್ತು ಬಿಸಿಲು ಅಂತ ನನಗೆ ಗಟ್ಟಿಯಾಗಿ ಅನಿಸಿದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟೋದು ಮಾಮೂಲು. ಕೋಣೆಯೇ ಅಷ್ಟು ಕಾದಿರುವಾಗ ಫ್ಯಾನ್ ಎಳೆದುಕೊಳ್ಳೋದೂ ಬಿಸಿ ಗಾಳಿಯನ್ನೇ. ಅದರ ದಾರಿಯೂ ಕಟ್ಟಿಕೊಂಡಿದ್ದರೆ ಪಾಪ, ಅದು ಎಲ್ಲಿಗೆ ಹೋಗಬೇಕು? ನಮ್ಮದು ತಿಂಗಳುಗಟ್ಟಲೆ ಮೊದಲೇ ಹೇಳುತ್ತಿತ್ತು. ಫ್ಯಾನ್ ಸದ್ದು ಜಾಸ್ತಿಯಾಗುತ್ತಾ ಬಂತು. ಆಟ ಶುರುವಾದ ಹತ್ತು ನಿಮಿಷಕ್ಕೆ ಮಿಕ್ಸಿ ತಿರುಗಿಸಿದಂತೆ ಕೇಳುತ್ತಿತ್ತು. ಆಮೇಲೆ ತುಂಬಾ ಬಿಸಿಯಾಗಿದೆ ಅಂತ ಟಿವಿಯಲ್ಲಿ ಸೂಚನೆ ಬಂತು. ಆಮೇಲೆ ತಾನೇ ಆಫ್. ಕೊನೆಗೆ ಆನ್ ಆಗೋದನ್ನೇ ನಿಲ್ಲಿಸಿತು. ನಿಮ್ಮದು ಸದ್ದಿನ ಹಂತದಲ್ಲಿದ್ದರೆ ಇವತ್ತೇ ಕ್ಲೀನ್ ಮಾಡಿ.

ಬೇಕಾದದ್ದು ನಕ್ಷತ್ರದ ತಲೆಯ, ನಡುವೆ ತೂತಿರುವ ಟಿ8 ಸ್ಕ್ರೂಡ್ರೈವರ್. ತೂತು ಇರಲೇಬೇಕು, ಸ್ಕ್ರೂ ಒಳಗೆ ಸಣ್ಣ ಮೊಳೆ ಇರುತ್ತದೆ. ಮೊಬೈಲ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಬಿಟ್ ಸೆಟ್ ಕೇಳಿದರೆ ಅದರೊಳಗೆ ಬರುತ್ತದೆ. ಇನ್ನೊಂದು ಮಾಮೂಲಿ ಪ್ಲಸ್ ಸ್ಕ್ರೂಡ್ರೈವರ್, ಮೆತ್ತನೆ ಬ್ರಷ್, ಚಿಮುಟ. ನಾನು ತೆಗೆದುಕೊಂಡದ್ದು ಓವರ್‌ಲಾಕ್ ಮೆಷಿನ್‌ಗೆ ಹೊಡೆಯುವ ಬ್ರಷ್, ಹೊಸದು, ಎಣ್ಣೆ ತಾಗದ್ದು. ವೈರ್ ಎಲ್ಲ ಕಿತ್ತು ಅರ್ಧ ಗಂಟೆ ಬಿಟ್ಟು ಕೂತೆ. ಪವರ್ ಸಪ್ಲೈ ಒಳಗೆ ಕರೆಂಟ್ ಸ್ವಲ್ಪ ಹೊತ್ತು ಉಳಿದಿರುತ್ತದೆ. ಈ ಕೆಲಸಕ್ಕೆ ಅವಸರ ಬೇಡ.

ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಮೆತ್ತನೆ ಬಟ್ಟೆ ಮೇಲೆ ಇಡಿ. ಸ್ಕ್ರೂ ಹಿಂಬದಿಯಲ್ಲಿವೆ. ಎಷ್ಟಿವೆ ಅನ್ನೋದು ಮಾದರಿ ಮೇಲೆ ಬದಲಾಗುತ್ತದೆ, ಕೆಲವು ವಾರಂಟಿ ಸ್ಟಿಕ್ಕರ್ ಕೆಳಗಿರುತ್ತವೆ. ಆ ಸ್ಟಿಕ್ಕರ್ ಹರಿಯುವಾಗ ಕೈ ತಡೆಯುತ್ತದೆ, ನನಗೂ ತಡೆಯಿತು. ವಾರಂಟಿ ಹೋಗಿ ಎರಡು ವರ್ಷ ಆಗಿದೆಯಲ್ಲ, ಇನ್ನು ಕಳೆದುಕೊಳ್ಳೋಕೆ ಅದರಲ್ಲಿ ಏನೂ ಇಲ್ಲ. ಅಡಿ ಮುಚ್ಚಳ ಎತ್ತಿದರೆ ಒಂದು ಕಡೆ ದುಂಡಗಿನ ಫ್ಯಾನ್, ಇನ್ನೊಂದು ಕಡೆ ಪವರ್ ಸಪ್ಲೈ ಡಬ್ಬಿ ಕಾಣುತ್ತದೆ. ಡಬ್ಬಿಯ ಸ್ಕ್ರೂ ತೆಗೆದು ನೇರವಾಗಿ ಮೇಲಕ್ಕೆ ಎತ್ತಬೇಕು. ಓರೆಯಾಗಿ ಎಳೆದರೆ ಕೆಳಗಿನ ಎರಡು ಪಟ್ಟಿ ಬಾಗುತ್ತವೆ. ಜೊತೆಗೆ ಬೋರ್ಡ್‌ಗೆ ಹೋಗುವ ಒಂದು ಸಣ್ಣ ವೈರ್ ಇದೆ, ಅದರ ತಲೆ ಹಿಡಿದು ಬಿಡಿಸಿ, ವೈರ್ ಎಳೆಯಬೇಡಿ. ಡಬ್ಬಿಯನ್ನು ಮಾತ್ರ ಬಿಚ್ಚಬೇಡಿ. ಅದು ಕೆಟ್ಟಿದ್ದರೆ ನಿಮ್ಮ ಮಾದರಿಗೆ ಹೊಂದುವ ಇನ್ನೊಂದು ಡಬ್ಬಿಯೇ ತರಬೇಕು.

ಸ್ಕ್ರೂಗಳಿಗೆ ನಮ್ಮ ಘಟಕದ ಉಪಾಯ ಹೇಳುತ್ತೇನೆ. ಕಟಿಂಗ್ ಪ್ಯಾಟರ್ನ್‌ನ ಒಂದು ರಟ್ಟು ತೆಗೆದುಕೊಂಡು ಅದರ ಮೇಲೆ ಪೆಟ್ಟಿಗೆಯ ಆಕಾರ ಬರೆದೆ. ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ರಟ್ಟಿಗೆ ಚುಚ್ಚಿದೆ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡ್‌ಗೆ ಪೆಟ್ಟು. ರಟ್ಟು ಇದ್ದರೆ ಆ ಚಿಂತೆ ಇಲ್ಲ, ಮಧ್ಯೆ ಎದ್ದು ಹೋಗಿ ಊಟ ಮಾಡಿ ಬಂದರೂ ತಪ್ಪೋದಿಲ್ಲ.

ಡಬ್ಬಿ ಎತ್ತಿದ ಮೇಲೆ ಕಂಡದ್ದನ್ನು ನಾನು ಮರೆಯೋದಿಲ್ಲ. ಫ್ಯಾನ್‌ನ ಗಾಳಿ, ಚಿಪ್‌ನ ಬಿಸಿ ಎಳೆದುಕೊಳ್ಳುವ ಹೀಟ್‌ಸಿಂಕ್‌ನ ತೆಳು ಹಲ್ಲುಗಳ ನಡುವೆ ಹಾದು ಹೊರಗೆ ಹೋಗಬೇಕು. ಆ ಹಲ್ಲುಗಳ ಬಾಯಿಗೆ ಜುಂಗು ಕೂತು ಕಂಬಳಿಯ ತುಂಡಿನಂತೆ ಆಗಿತ್ತು. ಚಿಮುಟದಿಂದ ಒಂದು ತುದಿ ಹಿಡಿದು ಮೆಲ್ಲಗೆ ಎಳೆದೆ. ಇಡೀ ಪಟ್ಟಿ ಒಂದೇ ತುಂಡಾಗಿ ಬಂತು, ನನ್ನ ಕಿರುಬೆರಳಿನಷ್ಟು ದಪ್ಪ. ಬೆಳಕಿಗೆ ಹಿಡಿದರೆ ಒಳಗಿನ ಪದರ ನೀಲಿ, ಅದು ಕೆಳಗಿನ ಜೀನ್ಸ್ ಬಟ್ಟೆಯದು. ಮೇಲಿನ ಪದರ ಕೆಂಪು, ಅದು ಅದಿರಿನ ಲಾರಿಗಳ ಧೂಳು. ತಮ್ಮ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತುಂಬಾ ಹೊತ್ತು ನೋಡಿದ. ಬಳ್ಳಾರಿಯಲ್ಲಿ ನಾವು ಉಸಿರಾಡೋದನ್ನೇ ಅದೂ ಉಸಿರಾಡಿತ್ತು.

ಉಳಿದದ್ದನ್ನು ಬ್ರಷ್‌ನಿಂದ ತೆಗೆಯಿರಿ. ಗಾಳಿ ಊದುವುದಾದರೆ ಫ್ಯಾನ್ ತಿರುಗದಂತೆ ಒಂದು ಐಸ್‌ಕ್ರೀಮ್ ಕಡ್ಡಿ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಫ್ಯಾನ್ ಬೇಕಾಬಿಟ್ಟಿ ತಿರುಗಿದರೆ ಬೇರಿಂಗ್ ಹಾಳು. ನಮ್ಮ ಘಟಕದಲ್ಲಿ ಕಂಪ್ರೆಸರ್ ಇದೆ, ಆದರೂ ಬಳಸಲಿಲ್ಲ. ಅದರ ಗಾಳಿ ಜೊತೆ ನೀರಿನ ಹನಿ ಬರುತ್ತದೆ. ಎಲ್ಲ ಜೋಡಿಸಿ ಆನ್ ಮಾಡಿದಾಗ ಮೊದಲು ನೀಲಿ, ಆಮೇಲೆ ಬಿಳಿ. ಫ್ಯಾನ್ ಸದ್ದು ಕೇಳಲಿಲ್ಲ ಅಂತ ಕಿವಿ ಹತ್ತಿರ ಇಟ್ಟು ನೋಡಿದೆ. ತಿರುಗುತ್ತಿತ್ತು.

ಕ್ಲೀನ್ ಮಾಡಿದ ಮೇಲೂ ಬಿಸಿ ಇಳಿಯದಿದ್ದರೆ ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಬಿಸಿ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅದಕ್ಕೆ ಬೋರ್ಡ್ ಪೂರ್ತಿ ಹೊರಗೆ ತೆಗೆಯಬೇಕು. ಕಂಪ್ಯೂಟರ್ ರಿಪೇರಿ ಮಾಡುವವರಿಗೆ ಇದು ದಿನನಿತ್ಯದ ಕೆಲಸ, ಅವರಿಗೇ ಕೊಡಿ.

ಒಂದು ಎಚ್ಚರಿಕೆ. ಇದೆಲ್ಲ ಪಿಎಸ್4ಕ್ಕೆ. ಪಿಎಸ್5ರಲ್ಲಿ ಪೇಸ್ಟ್ ಜಾಗದಲ್ಲಿ ದ್ರವ ಲೋಹ ಇದೆ, ಅದು ಬೋರ್ಡ್ ಮೇಲೆ ಚೆಲ್ಲಿದರೆ ಶಾರ್ಟ್ ಆಗುತ್ತದೆ. ಅದರ ಅಕ್ಕಪಕ್ಕದ ಬಿಳಿ ಮುಚ್ಚಳ ಸ್ಕ್ರೂ ಇಲ್ಲದೆ ಬರುತ್ತದೆ, ಒಳಗೆ ಧೂಳು ಕೂಡಲೆಂದೇ ಮಾಡಿದ ತೂತುಗಳಿವೆ. ಅಲ್ಲಿ ವ್ಯಾಕ್ಯೂಮ್ ಹಿಡಿಯಿರಿ, ಅದಕ್ಕಿಂತ ಒಳಗೆ ಹೋಗಬೇಡಿ.

ಎರಡನೇ ಸಲದ್ದು ನೆನೆಸಿಕೊಂಡರೆ ಈಗಲೂ ಸಂಕಟ. 2021ರಲ್ಲಿ ಆಟದ ಮಧ್ಯೆ ನಿಂತು ಸಿಇ-34878-0 ಅನ್ನುವ ಸಂಖ್ಯೆ ಬರತೊಡಗಿತು. ಆಟ ತಾನಾಗಿ ಮುಚ್ಚಿಹೋಯಿತು ಅಂತ ಅದರ ಅರ್ಥ. ಒಂದೇ ಆಟಕ್ಕೆ ಬಂದರೆ ಆ ಆಟ ಅಳಿಸಿ ಮತ್ತೆ ಹಾಕಿದರೆ ಸಾಕು. ನಮಗೆ ಎಲ್ಲ ಆಟಕ್ಕೂ ಬಂತು. ಆಗ ಘಟಕದಲ್ಲಿ ಕೆಲಸ ಜಾಸ್ತಿ ಇತ್ತು, ಕೂತು ನೋಡೋಕೆ ನನಗೆ ಆಗಲಿಲ್ಲ. ಸಂಬಂಧಿಕರೊಬ್ಬರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿಗೆ ಹೊರಟಿದ್ದರು, ಅವರ ಕೈಲಿ ಕೊಟ್ಟು ಅಲ್ಲಿನ ಒಂದು ಅಂಗಡಿಗೆ ಕಳಿಸಿದೆವು. ಅಂಗಡಿಯವರು ನಮಗೆ ಒಂದು ಮಾತೂ ಕೇಳದೆ ಎಲ್ಲ ಅಳಿಸಿ ಕೊಟ್ಟರು. ಹತ್ತು ದಿನಕ್ಕೆ ಅದೇ ತೊಂದರೆ ವಾಪಸ್. ತಮ್ಮ ಐದು ವರ್ಷ ಆಡಿದ್ದು, ಹುಡುಗರು ಭಾನುವಾರ ಭಾನುವಾರ ಕಟ್ಟಿದ ತಂಡ, ಎಲ್ಲ ಹೋಯಿತು. ಅವತ್ತು ರಾತ್ರಿ ತಮ್ಮ ಊಟಕ್ಕೆ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಪೆಟ್ಟಿಗೆ ಇನ್ನೂ ಆನ್ ಆಗುತ್ತಿರುವಾಗಲೇ ಸೇವ್ ಆಗಿರುವ ಆಟಗಳನ್ನು ಪೆನ್‌ಡ್ರೈವ್‌ಗೆ ಇಳಿಸಿ. ಸೆಟ್ಟಿಂಗ್ಸ್‌ನಲ್ಲಿ ಅಪ್ಲಿಕೇಶನ್ ಸೇವ್ಡ್ ಡೇಟಾ ಮ್ಯಾನೇಜ್‌ಮೆಂಟ್ ಅಂತ ಇದೆ. ಅದರೊಳಗೆ ಸಿಸ್ಟಮ್ ಸ್ಟೋರೇಜ್, ಆಮೇಲೆ ಯುಎಸ್‌ಬಿಗೆ ಕಾಪಿ. ಇದಕ್ಕೆ ಯಾವ ಚಂದಾವೂ ಬೇಡ. ಮತ್ತೆ ಹಾಕುವಾಗ ಅದೇ ಅಕೌಂಟ್ ಇರಬೇಕು ಅಷ್ಟೇ. ಇವತ್ತು ನಿಮ್ಮ ಕನ್ಸೋಲ್ ಚೆನ್ನಾಗಿದ್ದರೂ ಇವತ್ತೇ ಮಾಡಿ.

ಆಮೇಲೆ ನಾನೇ ಕೂತೆ. ಪಿಎಸ್4 ಆಫ್ ಇರುವಾಗ ಪವರ್ ಗುಂಡಿಯನ್ನು ಒತ್ತಿ ಹಿಡಿಯಿರಿ. ಒಂದು ಬೀಪ್ ಬರುತ್ತದೆ, ಬಿಡಬೇಡಿ. ಸುಮಾರು ಏಳು ಸೆಕೆಂಡಿಗೆ ಎರಡನೇ ಬೀಪ್ ಬರುತ್ತದೆ, ಆಗ ಬಿಡಿ. ಇಂಥ ತೊಂದರೆ ಸರಿಮಾಡೋಕೆಂದೇ ಇರುವ ಸೇಫ್ ಮೋಡ್ ಪಟ್ಟಿ ತೆರೆಯುತ್ತದೆ. ಇಲ್ಲಿ ಆಟ ಆಡುವ ರಿಮೋಟನ್ನು ವೈರ್‌ನಿಂದ ಪೆಟ್ಟಿಗೆಗೆ ಹಾಕಿದರೆ ಮಾತ್ರ ಕೆಲಸ ಮಾಡುತ್ತದೆ. ಆ ವೈರ್ ಬರೀ ಚಾರ್ಜ್ ಮಾಡುವಂಥದ್ದು ಆಗಿದ್ದರೆ ನಡೆಯೋದಿಲ್ಲ. ನಾನು ಇದೊಂದಕ್ಕೇ ಅರ್ಧ ದಿನ ಕಳೆದೆ, ಮೂರನೇ ವೈರ್‌ಗೆ ಹಿಡಿಯಿತು. ಪಟ್ಟಿಯಲ್ಲಿ ಏಳು ಸಾಲು ಬರುತ್ತವೆ. ಐದನೆಯದು ರೀಬಿಲ್ಡ್ ಡೇಟಾಬೇಸ್, ಅದು ಏನನ್ನೂ ಅಳಿಸೋದಿಲ್ಲ, ಮೊದಲು ಅದನ್ನೇ ಮಾಡಿ. ನಾಲ್ಕನೆಯದು ಸೆಟ್ಟಿಂಗ್ ಮಾತ್ರ ಹಳೆಯದಕ್ಕೆ ತರುತ್ತದೆ. ಆರು ಮತ್ತು ಏಳು ಎಲ್ಲವನ್ನೂ ಅಳಿಸುತ್ತವೆ. ಬೇರೆ ದಾರಿ ಇಲ್ಲ ಅಂತ ಗೊತ್ತಾಗುವ ತನಕ ಆ ಎರಡನ್ನು ಮುಟ್ಟಬೇಡಿ.

ಡೇಟಾಬೇಸ್ ಕಟ್ಟಿದರೂ ಎರಡು ದಿನಕ್ಕೆ ಮತ್ತೆ ನಿಂತಿತು. ಹಾಗಾದರೆ ಹಾರ್ಡ್ ಡಿಸ್ಕೇ ಹೋಗಿದೆ ಅಂತ ಗೊತ್ತಾಯಿತು. ಕಿವಿ ಇಟ್ಟರೆ ಟಿಕ್ ಟಿಕ್ ಸದ್ದೂ ಬರುತ್ತಿತ್ತು. ಇದನ್ನು ಬದಲಾಯಿಸೋದು ಎಲ್ಲಕ್ಕಿಂತ ಸುಲಭ. ದಪ್ಪ ಪಿಎಸ್4ರಲ್ಲಿ ಮೇಲಿನ ಮುಚ್ಚಳದ ಎಡಭಾಗ ಎಡಕ್ಕೆ ತಳ್ಳಿದರೆ ಜಾರಿ ಬರುತ್ತದೆ. ಒಳಗೆ ಒಂದೇ ಸ್ಕ್ರೂ, ಅದರ ಮೇಲೆ ರಿಮೋಟ್ ಗುಂಡಿಯ ನಾಲ್ಕು ಚಿತ್ರ ಇದೆ. ಅದನ್ನು ಬಿಚ್ಚಿ ತಟ್ಟೆ ಎಳೆದರೆ ಡಿಸ್ಕ್ ಕೈಗೆ ಬರುತ್ತದೆ. ಲ್ಯಾಪ್‌ಟಾಪ್‌ಗೆ ಹಾಕುವ 2.5 ಇಂಚಿನ ಸಾಟಾ ಡಿಸ್ಕ್ ಸಾಕು, ದಪ್ಪ 9.5 ಮಿಮೀ ಮೀರಬಾರದು. ನಾನು 480 ಜಿಬಿ ಎಸ್‌ಎಸ್‌ಡಿ ಹಾಕಿದೆ. ತಿರುಗುವ ಭಾಗ ಇಲ್ಲ, ಬಿಸಿಯೂ ಕಡಿಮೆ.

ಹೊಸ ಡಿಸ್ಕ್ ಖಾಲಿ ಇರುತ್ತದಲ್ಲ, ಸಾಫ್ಟ್‌ವೇರ್ ನೀವೇ ಹಾಕಬೇಕು. ಪ್ಲೇಸ್ಟೇಷನ್‌ನ ಅಧಿಕೃತ ತಾಣದಲ್ಲಿ ಎರಡು ಫೈಲ್ ಇವೆ, ಒಂದು ಅಪ್‌ಡೇಟ್, ಇನ್ನೊಂದು ಪೂರ್ತಿ ರೀಇನ್‌ಸ್ಟಾಲ್. ನಿಮಗೆ ಬೇಕಾದದ್ದು ದೊಡ್ಡದು, ರೀಇನ್‌ಸ್ಟಾಲ್. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಅದರಲ್ಲಿ ಪಿಎಸ್4 ಅನ್ನುವ ಫೋಲ್ಡರ್, ಅದರೊಳಗೆ ಅಪ್‌ಡೇಟ್ ಅನ್ನುವ ಫೋಲ್ಡರ್, ಅದರೊಳಗೆ ಫೈಲ್. ಎರಡು ಫೋಲ್ಡರ್ ಹೆಸರೂ ಇಂಗ್ಲಿಷ್ ದೊಡ್ಡ ಅಕ್ಷರದಲ್ಲೇ ಇರಲಿ, ಫೈಲ್ ಹೆಸರು ಬದಲಾಗದಿರಲಿ. ಒಂದೇ ಫೈಲನ್ನು ಎರಡು ಸಲ ಇಳಿಸಿಕೊಂಡರೆ ಹೆಸರಿನ ಕೊನೆಗೆ ತಾನಾಗಿ 1 ಸೇರುತ್ತದೆ, ಅದನ್ನು ತೆಗೆಯಿರಿ. ಆಮೇಲೆ ಸೇಫ್ ಮೋಡ್‌ನ ಏಳನೇ ಸಾಲು. ಈಗ ಅಳಿಸೋಕೆ ಏನೂ ಇಲ್ಲವಾದ್ದರಿಂದ ಧೈರ್ಯವಾಗಿ ಒತ್ತಿ.

ಮೂರನೆಯದು ಅಕಸ್ಮಾತ್ ಆದದ್ದು. 2023ರಲ್ಲಿ ಹಬ್ಬಕ್ಕೆ ಮನೆ ತುಂಬಾ ಮಕ್ಕಳು. ಯಾರದೋ ಕಾಲಿಗೆ ಎಚ್‌ಡಿಎಂಐ ವೈರ್ ಸಿಕ್ಕಿ ಪೆಟ್ಟಿಗೆ ಮೇಜಿನಿಂದ ಜಗ್ಗಿತು. ದೀಪ ಬಿಳಿ, ಟಿವಿ ಕಪ್ಪು. ಬೇರೆ ವೈರ್ ಹಾಕಿದೆ, ಪಕ್ಕದ ಮನೆಯ ಟಿವಿಗೆ ಹಾಕಿದೆ, ಆಗಲಿಲ್ಲ. ಮೊಬೈಲ್ ಟಾರ್ಚ್ ಹಿಡಿದು ಪೋರ್ಟ್ ಒಳಗೆ ನೋಡಿದರೆ 19 ಪಿನ್ನುಗಳಲ್ಲಿ ಎರಡು ಒಂದರ ಮೇಲೊಂದು ಬಿದ್ದಿದ್ದವು. ಇದು ಮನೆಯ ಕೆಲಸ ಅಲ್ಲ. ಬಿಸಿಗಾಳಿ ಮೆಷಿನ್, ಮೈಕ್ರೋಸ್ಕೋಪ್ ಇಟ್ಟುಕೊಂಡು ಮೊಬೈಲ್ ಬೋರ್ಡ್ ರಿಪೇರಿ ಮಾಡುವವರು ಬಳ್ಳಾರಿಯಲ್ಲೇ ಇದ್ದಾರೆ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ವರೆಗೆ ಹೋಗಬೇಕಾಗಿಲ್ಲ. ಗೇಮ್ ರಿಪೇರಿ ಅಂತ ಬೋರ್ಡ್ ಇರೋದಿಲ್ಲ, "ಎಚ್‌ಡಿಎಂಐ ಪೋರ್ಟ್ ಹಾಕ್ತೀರಾ, ಮೊದಲು ಹಾಕಿದ್ದೀರಾ" ಅಂತ ಕೇಳಿ.

ಕೊಡುವಾಗ ಈ ಸಲ ಹಾರ್ಡ್ ಡಿಸ್ಕ್ ತೆಗೆದು ಮನೆಯಲ್ಲಿಟ್ಟೆ. ಪೋರ್ಟ್ ಸರಿಯಾಗಿದೆಯಾ ಅಂತ ನೋಡೋಕೆ ಡಿಸ್ಕ್ ಬೇಕಾಗಿಲ್ಲ. ಡಿಸ್ಕ್ ಇಲ್ಲ ಅನ್ನುವ ಸೂಚನೆ ಟಿವಿಯಲ್ಲಿ ಬಂದರೆ ಚಿತ್ರ ಬಂತು ಅಂತಲೇ ಅರ್ಥ. ಹಿಂದಿನ ಸೀರಿಯಲ್ ನಂಬರ್ ಫೋಟೊ ತೆಗೆದೆ. ಏನು ರಿಪೇರಿ, ಎಷ್ಟು ದುಡ್ಡು, ಎಷ್ಟು ದಿನದ ಗ್ಯಾರಂಟಿ ಅಂತ ಚೀಟಿಯಲ್ಲಿ ಬರೆಸಿಕೊಂಡೆ. ಅವರು ಹುಬ್ಬೇರಿಸಲಿಲ್ಲ, ಸಂತೋಷದಿಂದಲೇ ಬರೆದುಕೊಟ್ಟರು. ಚೆನ್ನಾಗಿ ಕೆಲಸ ಮಾಡುವವರಿಗೆ ಬರೆಯೋಕೆ ಭಯ ಇರೋದಿಲ್ಲ. ಆ ಚೀಟಿ ಇದ್ದರೆ ಮುಂದೆ ತಕರಾರು ಬಂದಾಗ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. 2019ರ ಗ್ರಾಹಕ ಕಾಯ್ದೆ ಪ್ರಕಾರ ಅಂಗಡಿ ಬೆಂಗಳೂರಿನಲ್ಲಿದ್ದರೂ ನೀವು ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ತೊಂದರೆಯಾದ ಎರಡು ವರ್ಷದೊಳಗೆ. ನೀವು ಕೊಟ್ಟ ದುಡ್ಡು ಐದು ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ. 2021ರಲ್ಲಿ ನಮ್ಮ ಹತ್ತಿರ ಒಂದು ಚೀಟಿಯೂ ಇರಲಿಲ್ಲ.

ಡಿವಿಡಿ ತರಹದ ಡಿಸ್ಕ್ ಓದದಿದ್ದರೆ ಒಂದೇ ಮಾತು ನೆನಪಿಡಿ. ಆ ಡಿಸ್ಕ್ ಓದುವ ಡ್ರೈವ್‌ನ ಚಿಪ್ ನಿಮ್ಮ ಬೋರ್ಡ್‌ಗೆ ಮಾತ್ರ ಜೋಡಿ. ಇನ್ನೊಂದು ಕನ್ಸೋಲ್‌ನ ಡ್ರೈವ್ ಹಾಗೇ ತಂದು ಹಾಕಿದರೆ ಆಟ ಓದೋದಿಲ್ಲ. ಹಳೆಯ ಸರ್ಕ್ಯೂಟ್ ಉಳಿಸಿಕೊಂಡು ಲೆನ್ಸ್ ಭಾಗ ಮಾತ್ರ ಬದಲಾಯಿಸಬೇಕು. ಬದಲಾಯಿಸಿದ ಹಳೇ ಭಾಗವನ್ನು ವಾಪಸ್ ಕೇಳಿ ತೆಗೆದುಕೊಳ್ಳಿ.

ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೆ ನಮ್ಮನೆಯಲ್ಲಿ ಒಂದು ಲೆಕ್ಕ ಇದೆ. ಅದೇ ಮಾದರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುವ ಬೆಲೆಯ ಅರ್ಧಕ್ಕಿಂತ ರಿಪೇರಿ ಜಾಸ್ತಿಯಾದರೆ ಬಿಡೋದು. ದೊಡ್ಡ ಚಿಪ್‌ನ ಕೆಳಗಿನ ಬೆಸುಗೆ ಬಿಟ್ಟಿದೆ, ಬಿಸಿ ಮಾಡಿ ಕೂಡಿಸುತ್ತೇವೆ ಅಂದರೂ ಬಿಡೋದು. ಅದು ಸಾಮಾನ್ಯವಾಗಿ ಹೆಚ್ಚು ದಿನ ನಿಲ್ಲದ ಕೆಲಸ. ಬಿಟ್ಟರೂ ಡಿಸ್ಕ್, ಪವರ್ ಸಪ್ಲೈ, ಫ್ಯಾನ್, ರಿಮೋಟ್ ಇಟ್ಟುಕೊಳ್ಳಿ, ಇನ್ನೊಬ್ಬರ ಪೆಟ್ಟಿಗೆ ಬದುಕುತ್ತದೆ. ಕಳೆದ ವರ್ಷ ಗಂಗಾವತಿಯಿಂದ ಬಂದ ಹುಡುಗನೊಬ್ಬನಿಗೆ ನಮ್ಮ ಹಳೇ ಟಿ8 ಬಿಟ್ ಮತ್ತು ಒಂದು ಹೆಚ್ಚುವರಿ ಫ್ಯಾನ್ ಕೊಟ್ಟು ಕಳಿಸಿದೆ.

ಈಗ ಪೆಟ್ಟಿಗೆ ಕೆಳಗಿನ ಕಪಾಟಿನಲ್ಲಿ ಇಲ್ಲ. ಗೋಡೆಯಿಂದ ಒಂದು ಗೇಣು ಬಿಟ್ಟು, ಎತ್ತರದ ತೆರೆದ ಹಲಗೆ ಮೇಲಿದೆ, ಸ್ಟೆಬಿಲೈಜರ್ ಜೊತೆ. ಆಡದಿದ್ದಾಗ ಮೇಲೆ ಒಂದು ಬಟ್ಟೆ. ಆನ್ ಮಾಡುವ ಮೊದಲು ಬಟ್ಟೆ ತೆಗೆಯಬೇಕು ಅಂತ ಹುಡುಗರಿಗೆಲ್ಲ ಗೊತ್ತು. ಮೆಷಿನ್‌ಗಳ ಸರ್ವಿಸ್ ಪುಸ್ತಕದಲ್ಲಿ ಹನ್ನೆರಡು ಪುಟ ಆದ ಮೇಲೆ ಹದಿಮೂರನೆಯದು ಅದರದು. ಆರು ತಿಂಗಳಿಗೊಮ್ಮೆ, ಯುಗಾದಿ ಮತ್ತು ದಸರಾ ಹತ್ತಿರ, ಮುಚ್ಚಳ ತೆಗೆದು ಬ್ರಷ್ ಹೊಡೆದು ತಾರೀಖು ಬರೆಯುತ್ತೇನೆ. ಕೊನೆಯ ಸಲ ಬಂದ ಜುಂಗು ಒಂದು ಚಿಟಿಕೆ.